ಮಳೆಗೆ ಪಳಗಿದ ಕಾರನ್ನು ಟ್ರ್ಯಾಕಿನ ಕಾವಿಗೆ ಅಣಿಗೊಳಿಸುವುದು

ಕೊಡಗಿನಲ್ಲಿ ಕಾರು ಓಡಿಸಲು ಕಲಿತವರಿಗೆ ತಿರುವು ಹೊಸದಲ್ಲ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗಲೋ, ವಿರಾಜಪೇಟೆಯಿಂದ ಮಾಕುಟ್ಟದ ಕಾಡಿನೊಳಗೆ ಸಾಗುವಾಗಲೋ ಸ್ಟಿಯರಿಂಗನ್ನು ಒಂದು ನಿಮಿಷ ನೇರವಾಗಿ ಹಿಡಿದು ಕೂರುವ ಅವಕಾಶ ಸಿಗುವುದಿಲ್ಲ. ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ನಡೆಯುವ ರ್‍ಯಾಲಿಗಳನ್ನು ಬೇಲಿಯಂಚಿನಲ್ಲಿ ನಿಂತು ನೋಡುತ್ತ ಬೆಳೆದವರೂ ಇಲ್ಲಿ ಬಹಳ ಮಂದಿ ಇದ್ದಾರೆ. ಆದ್ದರಿಂದ ಮೊದಲ ಬಾರಿಗೆ ರೇಸ್ ಟ್ರ್ಯಾಕಿಗೆ ಹೊರಟವರು, ಘಾಟಿಯನ್ನೇ ಕಂಡ ನಮ್ಮ ಕಾರಿಗೆ ಟ್ರ್ಯಾಕ್ ಏನು ದೊಡ್ಡದು ಎಂದು ಕೇಳುವುದು ಸಹಜ. ಆ ಮಾತಿನಲ್ಲಿ ಅರ್ಧ ಮಾತ್ರ ನಿಜವಿದೆ. ಕೊಡಗಿನ ಕಾರು ನೀರನ್ನು ಕಂಡಿದೆ, ಕೆಸರನ್ನು ಕಂಡಿದೆ, ಗುಂಡಿಗಳನ್ನು ಕಂಡಿದೆ. ಅದು ಕಾಣದಿರುವುದು ಕಾವನ್ನು. ಸಣ್ಣ ಕಾರೊಂದನ್ನು ಟ್ರ್ಯಾಕಿಗೆ ಸಿದ್ಧಪಡಿಸುವುದೆಂದರೆ ಬಹುಮಟ್ಟಿಗೆ ಅದನ್ನು ಕಾವಿಗೆ ಸಿದ್ಧಪಡಿಸುವುದೇ ಆಗಿದೆ. ಎಂಜಿನ್ನಿನ ಶಕ್ತಿ ಹೆಚ್ಚಿಸುವ ವಿಚಾರ ಈ ಹಂತದಲ್ಲಿ ಬರುವುದೇ ಇಲ್ಲ.

ಟ್ರ್ಯಾಕ್ ದಿನ ಎಂದರೆ ಸ್ಪರ್ಧೆಯಲ್ಲ. ಆಯೋಜಕರು ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಪಡೆದು, ಬಂದವರನ್ನು ಅನುಭವಕ್ಕೆ ತಕ್ಕಂತೆ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ಹದಿನೈದು ಇಪ್ಪತ್ತು ನಿಮಿಷಗಳ ಸರದಿಗಳನ್ನು ಕೊಡುತ್ತಾರೆ. ಬಹುಮಾನವಿರುವುದಿಲ್ಲ, ಒಪ್ಪಿಗೆಯಿಲ್ಲದೆ ಒಬ್ಬರನ್ನೊಬ್ಬರು ಹಿಂದಿಕ್ಕುವಂತಿಲ್ಲ. ಕೊಡಗಿನವರಿಗೆ ಒಂದು ಹಗಲಿನಲ್ಲಿ ತಲುಪಬಹುದಾದ ದೂರದಲ್ಲಿ ಎರಡು ಹೆಸರಾಂತ ಟ್ರ್ಯಾಕುಗಳಿವೆ. ಒಂದು ಕೊಯಮತ್ತೂರಿನ ಹೊರವಲಯದ ಚೆಟ್ಟಿಪಾಳ್ಯದಲ್ಲಿರುವ, ರೇಸ್ ಚಾಲಕ ಹಾಗೂ ರೇಸ್ ಕಾರುಗಳ ತಯಾರಕ ಎಸ್. ಕರಿವರ್ಧನ್ ಅವರ ಹೆಸರನ್ನು ಹೊತ್ತ, 2003ರಲ್ಲಿ ಆರಂಭವಾದ ಸುಮಾರು 2.1 ಕಿಲೋಮೀಟರ್ ಉದ್ದದ ಕರಿ ಮೋಟಾರ್ ಸ್ಪೀಡ್‌ವೇ. ಇನ್ನೊಂದು ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಯಲ್ಲಿರುವ, 1990ರಲ್ಲಿ ತೆರೆದ, ಸುಮಾರು 3.7 ಕಿಲೋಮೀಟರ್ ಉದ್ದದ ಟ್ರ್ಯಾಕ್. ಇವೆರಡರಲ್ಲಿ ಯಾವುದಕ್ಕೆ ಹೋದರೂ ಕಾರು ತನ್ನ ಚಕ್ರಗಳ ಮೇಲೆಯೇ ಹೋಗಿ, ದಿನವಿಡೀ ದುಡಿದು, ಮತ್ತೆ ತನ್ನ ಚಕ್ರಗಳ ಮೇಲೆಯೇ ಘಾಟಿ ಹತ್ತಿ ಮನೆ ಸೇರಬೇಕು. ಸಿದ್ಧತೆಯ ಪ್ರತಿಯೊಂದು ನಿರ್ಧಾರವನ್ನೂ ಈ ಷರತ್ತಿನೊಳಗೆ ಇಟ್ಟುಕೊಂಡೇ ಮಾಡಬೇಕು.

ಬ್ರೇಕಿನಿಂದ ಆರಂಭಿಸೋಣ, ಏಕೆಂದರೆ ಘಾಟಿಗೂ ಟ್ರ್ಯಾಕಿಗೂ ಇರುವ ವ್ಯತ್ಯಾಸ ಇಲ್ಲಿಯೇ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಚಾಲಕನೂ ಸೇರಿ ಒಂದು ಸಾವಿರ ಕಿಲೋ ತೂಗುವ ಕಾರು ಸಾವಿರ ಮೀಟರ್ ಎತ್ತರದಿಂದ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಅದು ಕಳೆದುಕೊಳ್ಳಬೇಕಾದ ಒಟ್ಟು ಶಕ್ತಿ ಸುಮಾರು 9,800 ಕಿಲೋಜೂಲ್. ಅದು ದೊಡ್ಡ ಮೊತ್ತವೇ ಹೌದು, ಆದರೆ ಇಳಿಯಲು ಮುಕ್ಕಾಲು ಗಂಟೆ ಹಿಡಿದರೆ ಸೆಕೆಂಡಿಗೆ ಬೀಳುವ ಪಾಲು ನಾಲ್ಕು ಕಿಲೋಜೂಲಿಗಿಂತಲೂ ಕಡಿಮೆ. ಅದರಲ್ಲಿಯೂ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಳಿಯುವ ಜಾಣ ಚಾಲಕನ ಕಾರಿನಲ್ಲಿ ಹೆಚ್ಚಿನ ಭಾರವನ್ನು ಎಂಜಿನ್ನೇ ಹೊರುತ್ತದೆ. ಈಗ ಟ್ರ್ಯಾಕಿಗೆ ಬನ್ನಿ. ಅದೇ ಕಾರು ನೇರದಾರಿಯ ಕೊನೆಯಲ್ಲಿ ಗಂಟೆಗೆ 120 ಕಿಲೋಮೀಟರಿನಿಂದ 60ಕ್ಕೆ ನಾಲ್ಕು ಸೆಕೆಂಡುಗಳಲ್ಲಿ ಇಳಿಯಬೇಕು. ಕಳೆಯಬೇಕಾದ ಶಕ್ತಿ ಸುಮಾರು 415 ಕಿಲೋಜೂಲ್, ಅಂದರೆ ಒಂದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು. ಸೆಕೆಂಡಿಗೆ ನೂರು ಕಿಲೋಜೂಲಿಗೂ ಮೀರಿದ ಈ ದರ ಘಾಟಿಯ ಸರಾಸರಿ ದರದ ಇಪ್ಪತ್ತೈದು ಪಟ್ಟಿಗೂ ಹೆಚ್ಚು. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಮಡಿಯಾಗುತ್ತದೆ ಎಂಬ ಶಾಲೆಯ ಪಾಠ ಟ್ರ್ಯಾಕಿನಲ್ಲಿ ಕಾಲಿನ ಕೆಳಗೇ ಅನುಭವಕ್ಕೆ ಬರುತ್ತದೆ.

ಈ ಕಾವು ಹೋಗುವುದೆಲ್ಲಿಗೆ? ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ, ಎಂಜಿನ್ ಮುಂದಿರುವ ಸಣ್ಣ ಕಾರುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕೆಲಸವನ್ನು ಮುಂದಿನ ಚಕ್ರಗಳೊಂದಿಗೆ ತಿರುಗುವ ಎರಡು ಕಬ್ಬಿಣದ ತಟ್ಟೆಗಳು, ಅಂದರೆ ಡಿಸ್ಕುಗಳೇ ಮಾಡುತ್ತವೆ. ಒಂದೊಂದು ಡಿಸ್ಕು ಐದು ಕಿಲೋ ಕಬ್ಬಿಣವೆಂದು ಲೆಕ್ಕ ಹಿಡಿದರೆ, ಮೇಲೆ ಹೇಳಿದ ಒಂದೇ ಒಂದು ಬ್ರೇಕಿಗೆ ಅದರ ಉಷ್ಣತೆ 65ರಿಂದ 70 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಮುಂದಿನ ತಿರುವಿನೊಳಗೆ ಅದು ಸ್ವಲ್ಪ ತಣಿಯುತ್ತದೆ, ಪೂರ್ತಿ ತಣಿಯುವುದಿಲ್ಲ. ಒಂದು ಸುತ್ತಿನಲ್ಲಿ ಅಂತಹ ಮೂರು ನಾಲ್ಕು ತಿರುವುಗಳಿದ್ದು, ಒಂದು ಸರದಿಯಲ್ಲಿ ಎಂಟು ಹತ್ತು ಸುತ್ತುಗಳಾದರೆ, ಉಳಿಕೆಯ ಮೇಲೆ ಉಳಿಕೆ ಸೇರುತ್ತ ಹೋಗುತ್ತದೆ. ತೋಟದ ಮಣ್ಣಿನ ರ್‍ಯಾಲಿಯಲ್ಲಿ ಇಷ್ಟು ಕಾವು ಹುಟ್ಟುವುದಿಲ್ಲ, ಏಕೆಂದರೆ ಸಡಿಲ ಮಣ್ಣಿನ ಮೇಲೆ ಟಯರಿಗೆ ಹಿಡಿತವೇ ಕಡಿಮೆ. ಹಿಡಿತವಿಲ್ಲದಲ್ಲಿ ಬ್ರೇಕ್ ಎಷ್ಟು ಒತ್ತಿದರೂ ಕಾರು ಅಷ್ಟು ಬೇಗ ನಿಧಾನವಾಗದು, ಡಿಸ್ಕೂ ಅಷ್ಟು ಕಾಯದು. ಒಣ ಡಾಂಬರಿನ ಟ್ರ್ಯಾಕು ಕೊಡುವ ಹಿಡಿತವೇ ಕಾವಿನ ತವರು.

ಕಾದ ಬ್ರೇಕು ಕೈಕೊಡುವುದು ಎರಡು ಬಗೆಯಲ್ಲಿ, ಇವೆರಡನ್ನೂ ಕಾಲಿನಿಂದಲೇ ಗುರುತಿಸಲು ಕಲಿಯಬೇಕು. ಮೊದಲನೆಯದು ಡಿಸ್ಕನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಪ್ಯಾಡಿನ ಸೋಲು. ರಸ್ತೆಗೆಂದು ತಯಾರಾದ ಪ್ಯಾಡಿನಲ್ಲಿ ಘರ್ಷಣೆಯ ಪುಡಿಯನ್ನು ಹಿಡಿದಿಡುವ ಅಂಟು ಅತಿಯಾಗಿ ಕಾದಾಗ ಅನಿಲವನ್ನು ಬಿಡುತ್ತದೆ, ಪ್ಯಾಡಿನ ಹಿಡಿತ ಜಾರುತ್ತದೆ. ಆಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಎಷ್ಟು ತುಳಿದರೂ ಕಾರು ನಿಧಾನವಾಗುವುದಿಲ್ಲ. ಸುಟ್ಟ ವಾಸನೆ ಒಳಗೆ ಬರುತ್ತದೆ. ಎರಡನೆಯದು ಬ್ರೇಕ್ ಆಯಿಲಿನ ಸೋಲು. ಇದರಲ್ಲಿ ಪೆಡಲ್ ಮೆತ್ತಗಾಗಿ ನೆಲದವರೆಗೆ ಇಳಿಯುತ್ತದೆ. ಇದು ಹೆಚ್ಚು ಅಪಾಯಕಾರಿ, ಮತ್ತು ನಮ್ಮ ಜಿಲ್ಲೆಯ ಕಾರುಗಳಿಗೆ ಇದರ ಸಾಧ್ಯತೆ ಹೆಚ್ಚು.

ಕಾರಣ ನಮ್ಮ ಹವೆ. ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವ ನಿಜವಾಗಿ ಎಣ್ಣೆಯಲ್ಲ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗ್ಲೈಕಾಲ್ ಜಾತಿಯ ದ್ರವ. ಡಾಟ್ 3 ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದೇ ದ್ರವ ಶೇಕಡಾ 3.7ರಷ್ಟು ನೀರು ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಎರಡು ಅಂಕಿಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ದ್ರವ ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು, ಹೀಗಾಗಿ ಕಾಲಿನ ಒತ್ತಡ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರನ್ನು ತಲುಪದೆ ಗುಳ್ಳೆಯನ್ನು ಹಿಸುಕುವುದರಲ್ಲಿಯೇ ಮುಗಿಯುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಕಪಾಟಿನ ಬಟ್ಟೆಗೂ ಬೂಸ್ಟು ಹಿಡಿಯುವ ಊರಿನಲ್ಲಿ, ರಬ್ಬರ್ ಹೋಸುಗಳ ಮೂಲಕವೂ ಡಬ್ಬಿಯ ಮುಚ್ಚಳದ ಉಸಿರುಕಿಂಡಿಯ ಮೂಲಕವೂ ಬ್ರೇಕ್ ದ್ರವ ತೇವ ಕುಡಿಯುತ್ತಲೇ ಇರುತ್ತದೆ. ಊರಿನ ಓಡಾಟದಲ್ಲಿ ಅದು 140 ಡಿಗ್ರಿಯ ಹತ್ತಿರವೂ ಹೋಗುವುದಿಲ್ಲವಾದ್ದರಿಂದ ದೋಷ ಯಾರಿಗೂ ತಿಳಿಯುವುದಿಲ್ಲ.

ನನಗೆ ತಿಳಿದದ್ದು ನನ್ನ ಮೊದಲ ಟ್ರ್ಯಾಕ್ ದಿನದ ಐದನೆಯ ಸುತ್ತಿನಲ್ಲಿ. ಮೂರು ಮಳೆಗಾಲ ಕಂಡ ದ್ರವವನ್ನು ಬದಲಿಸದೆ, ಪ್ಯಾಡ್ ಮಾತ್ರ ಹೊಸದು ಹಾಕಿಸಿಕೊಂಡು ಹೋಗಿದ್ದೆ. ನೇರದಾರಿಯ ಕೊನೆಯಲ್ಲಿ ಪೆಡಲ್ ಕಾಲಿನಡಿಯಿಂದ ಜಾರಿ ನೆಲ ಮುಟ್ಟಿತು. ಎರಡು ಮೂರು ಬಾರಿ ಬೇಗಬೇಗನೆ ತುಳಿದಾಗ ಅರ್ಧಂಬರ್ಧ ಒತ್ತಡ ಸಿಕ್ಕಿ, ಗೇರು ಇಳಿಸಿ, ತಿರುವಿನ ಹೊರಗಿನ ಮಣ್ಣಿನಲ್ಲಿ ಕಾರು ನಿಂತಿತು. ಅಲ್ಲಿ ಬದಿಯಲ್ಲಿ ಜಾಗವಿತ್ತು, ಎದುರಿನಿಂದ ಬಸ್ಸು ಬರುತ್ತಿರಲಿಲ್ಲ. ಆ ದಿನದಿಂದ, ಟ್ರ್ಯಾಕಿಗೆ ಹೊರಟವರು ಯಾರೇ ಕೇಳಲಿ, ನನ್ನ ಮೊದಲ ಉತ್ತರ ಒಂದೇ: ಹೋಗುವ ಹಿಂದಿನ ವಾರ ನಾಲ್ಕೂ ಚಕ್ರಗಳಿಂದ ಹಳೆಯ ದ್ರವವನ್ನು ಪೂರ್ತಿ ಹೊರತೆಗೆಸಿ, ಸೀಲು ಒಡೆಯದ ಹೊಸ ಡಬ್ಬಿಯಿಂದ ಡಾಟ್ 4 ಅಥವಾ ಡಾಟ್ 5.1 ತುಂಬಿಸಿ. ತಯಾರಕರ ಕೈಪಿಡಿ ಡಾಟ್ 3 ಎಂದಿದ್ದರೂ ಇವು ಅದೇ ಜಾತಿಯ ದ್ರವಗಳಾದ್ದರಿಂದ ಹೊಂದಿಕೊಳ್ಳುತ್ತವೆ. ಹೆಸರಿನಲ್ಲಿ ಹತ್ತಿರವಿರುವ ಡಾಟ್ 5 ಮಾತ್ರ ಸಿಲಿಕೋನ್ ದ್ರವ. ಅದನ್ನು ಇವುಗಳೊಂದಿಗೆ ಬೆರೆಸುವಂತಿಲ್ಲ. ಅರ್ಧ ಬಳಸಿ ಮುಚ್ಚಿಟ್ಟ ಡಬ್ಬಿಯನ್ನು ಗ್ಯಾರೇಜಿನವರು ಪ್ರೀತಿಯಿಂದ ಕೊಟ್ಟರೂ ಬೇಡವೆನ್ನಿ, ಆ ಡಬ್ಬಿಯೂ ನಮ್ಮ ಊರಿನ ಗಾಳಿಯನ್ನೇ ಉಸಿರಾಡಿದೆ.

ಪ್ಯಾಡುಗಳು ಕನಿಷ್ಠ ಅರ್ಧಕ್ಕಿಂತ ಹೆಚ್ಚು ದಪ್ಪ ಉಳಿದಿರಬೇಕು, ಏಕೆಂದರೆ ಪ್ಯಾಡು ತೆಳುವಾದಷ್ಟೂ ಡಿಸ್ಕಿನ ಕಾವು ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನೂ ಅದರ ಹಿಂದಿನ ದ್ರವವನ್ನೂ ಬೇಗ ತಲುಪುತ್ತದೆ. ಹೆಚ್ಚು ಕಾವು ತಾಳುವ ಪ್ಯಾಡು ಸಿಕ್ಕಿದರೆ ಒಳ್ಳೆಯದು. ಆದರೆ ಅಪ್ಪಟ ರೇಸಿನ ಪ್ಯಾಡು ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ಚಳಿಗಾಲದ ಮುಂಜಾನೆ ಮಂಜಿನಲ್ಲಿ ಮನೆಯ ಗೇಟಿನಿಂದ ಹೊರಟ ಕಾರಿಗೆ ಮೊದಲ ಇಳಿಜಾರಿನಲ್ಲಿಯೇ ಬ್ರೇಕ್ ಬೇಕು. ಆದ್ದರಿಂದ ರಸ್ತೆಗೂ ಟ್ರ್ಯಾಕಿಗೂ ಹೊಂದುವ ನಡುವಿನ ದರ್ಜೆಯ ಪ್ಯಾಡೇ ನಮಗೆ ತಕ್ಕದ್ದು. ಯಾವ ಪ್ಯಾಡು ಹಾಕಿದರೂ ಅದನ್ನು ಕೂರಿಸಬೇಕು: ನಿರ್ಜನವಾದ ನೇರ ರಸ್ತೆಯಲ್ಲಿ, ಮಿತಿಯೊಳಗಿನ ವೇಗದಲ್ಲಿ, ಪೂರ್ತಿ ನಿಲ್ಲಿಸದೆ ಹತ್ತಾರು ಬಾರಿ ಹದವಾಗಿ ಬ್ರೇಕ್ ಒತ್ತಿ, ನಡುವೆ ತಣಿಯಲು ಬಿಟ್ಟು, ಪ್ಯಾಡಿನ ತೆಳುವಾದ ಪದರ ಡಿಸ್ಕಿನ ಮೇಲೆ ಸಮನಾಗಿ ಹರಡುವಂತೆ ಮಾಡಬೇಕು. ಡಬ್ಬಿಯಿಂದ ತೆಗೆದ ಪ್ಯಾಡನ್ನು ನೇರವಾಗಿ ಟ್ರ್ಯಾಕಿಗೆ ಒಯ್ಯುವುದು ಹಣವನ್ನು ಸುಟ್ಟಂತೆ.

ಕ್ಯಾಲಿಪರು ಸಲೀಸಾಗಿ ಸರಿಯಲೆಂದು ಇರುವ ಜಾರುಪಿನ್ನುಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಮೆಕ್ಯಾನಿಕರು ಕೇಳದೆ ಇವನ್ನು ತೆರೆಯುವುದಿಲ್ಲ. ಇವುಗಳ ರಬ್ಬರ್ ಟೋಪಿ ಹರಿದರೆ ಮಳೆನೀರು ಒಳಗಿಳಿದು ಪಿನ್ನು ತುಕ್ಕು ಹಿಡಿದು ಬಿಗಿಯುತ್ತದೆ. ಆಗ ಎರಡು ಪ್ಯಾಡುಗಳಲ್ಲಿ ಒಂದೇ ದುಡಿದು, ಓರೆಯಾಗಿ ಸವೆದು, ಒಂದು ಚಕ್ರ ಮಾತ್ರ ಅತಿಯಾಗಿ ಕಾಯುತ್ತದೆ. ಪಿನ್ನುಗಳನ್ನು ಹೊರತೆಗೆದು ಒರೆಸಿ, ಹೆಚ್ಚು ಉಷ್ಣತೆ ತಾಳುವ ಬ್ರೇಕ್ ಗ್ರೀಸನ್ನೇ ಸವರಿಸಬೇಕು. ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ಮುಗಳನ್ನೂ ತೆರೆಸಿ ನೋಡಿ. ತೋಟದ ದಾರಿಯಲ್ಲಿ ಓಡಿದ ಕಾರಿನ ಡ್ರಮ್ಮಿನೊಳಗೆ ಕೆಂಪು ಮಣ್ಣಿನ ಪುಡಿ ಗಟ್ಟಿಯಾಗಿ ಕುಳಿತಿರುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ಇನ್ನು ಟಯರು. ಹೊಸ ಕಾರಿಗಿಂತ, ಹೊಸ ಎಂಜಿನ್ನಿಗಿಂತ ಒಳ್ಳೆಯ ಟಯರೇ ಮುಖ್ಯ ಎಂಬುದರಲ್ಲಿ ಎರಡು ಮಾತಿಲ್ಲ, ಆದರೆ ಮೊದಲ ಟ್ರ್ಯಾಕ್ ದಿನಕ್ಕೆಂದು ದುಬಾರಿ ಟಯರು ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಸಾಮಾನ್ಯ ಟಯರು ಹಿಡಿತ ಬಿಡುವ ಮೊದಲು ಕಿರುಚಿ ಎಚ್ಚರಿಸುತ್ತದೆ, ಮೆಲ್ಲನೆ ಜಾರುತ್ತದೆ. ಕಲಿಯುವವನಿಗೆ ಬೇಕಾದುದು ಅದೇ. ನೋಡಬೇಕಾದದ್ದು ಟಯರಿನ ವಯಸ್ಸು ಮತ್ತು ಆರೋಗ್ಯ. ಪಕ್ಕದ ಗೋಡೆಯ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. 2321 ಎಂದಿದ್ದರೆ ಅದು 2021ರ 23ನೆಯ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ ರಬ್ಬರು, ಗೆರೆ ಎಷ್ಟೇ ಆಳವಿರಲಿ, ಗಟ್ಟಿಯಾಗಿರುತ್ತದೆ. ಕಲ್ಲು ತಾಗಿ ಒಳಬದಿಯ ಗೋಡೆಯಲ್ಲಿ ಉಬ್ಬು ಎದ್ದಿದ್ದರೆ ಆ ಟಯರು ಟ್ರ್ಯಾಕಿಗೆ ಹೋಗಲೇಬಾರದು. ಒಳಬದಿ ಹೊರಗಿನಿಂದ ಕಾಣದಾದ್ದರಿಂದ ಕಾರನ್ನು ಎತ್ತಿಸಿ, ಚಕ್ರ ತಿರುಗಿಸಿ, ಬೆರಳಿನಿಂದ ಸವರಿ ನೋಡಬೇಕು.

ಗಾಳಿಯ ಒತ್ತಡದ ವಿಷಯದಲ್ಲಿ ಮಲೆನಾಡಿನವರಿಗೆ ವಿಶೇಷವಾದ ಒಂದು ಸೂಕ್ಷ್ಮವಿದೆ. ಟಯರಿನ ಮಾಪಕ ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನು. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಹೊರಗಿನ ವಾಯುಭಾರ ಸಮುದ್ರಮಟ್ಟಕ್ಕಿಂತ ಸುಮಾರು 2 ಪಿ.ಎಸ್.ಐ.ನಷ್ಟು (ಟಯರಿನ ಗಾಳಿಯನ್ನು ಅಳೆಯುವ ಒತ್ತಡದ ಮಾನ) ಕಡಿಮೆ. ಇಲ್ಲಿ 32 ತುಂಬಿಸಿದ ಟಯರು, ಉಷ್ಣತೆ ಬದಲಾಗದೆ ಚೆನ್ನೈ ತಲುಪಿದರೆ, ಅಲ್ಲಿ 30 ತೋರಿಸುತ್ತದೆ. ಆದರೆ ಉಷ್ಣತೆ ಬದಲಾಗದೆ ಇರುವುದಿಲ್ಲ; 18 ಡಿಗ್ರಿಯ ಬೆಳಗಿನಲ್ಲಿ ತುಂಬಿಸಿದ ಗಾಳಿ 33 ಡಿಗ್ರಿಯ ಊರಿನಲ್ಲಿ ಹಿಗ್ಗಿ ಆ ಇಳಿಕೆಯನ್ನು ಹೆಚ್ಚುಕಡಿಮೆ ತುಂಬಿಕೊಡುತ್ತದೆ. ಹೀಗೆ ಒಂದು ಇಳಿದು ಇನ್ನೊಂದು ಏರುವ ಲೆಕ್ಕದಲ್ಲಿ ಮನೆಯಲ್ಲಿ ನೋಡಿದ ಅಂಕಿಗೆ ಅರ್ಥವಿಲ್ಲ. ಸ್ವಂತ ಮಾಪಕವೊಂದನ್ನು ಕೊಂಡು, ಟ್ರ್ಯಾಕಿನ ಬಳಿಯೇ, ಬೆಳಿಗ್ಗೆ ಟಯರು ತಣ್ಣಗಿರುವಾಗ ನಾಲ್ಕನ್ನೂ ಅಳೆಯಬೇಕು. ಕೈಪಿಡಿಯ ಅಂಕಿಯಿಂದ ಆರಂಭಿಸಿ. ಮೊದಲ ಸರದಿ ಮುಗಿಸಿ ಬಂದ ಕೂಡಲೇ ಮತ್ತೆ ಅಳೆದರೆ ಆರರಿಂದ ಹತ್ತು ಪಿ.ಎಸ್.ಐ.ನಷ್ಟು ಏರಿರುವುದು ಕಾಣುತ್ತದೆ.

ಹೀಗೆ ಕಾದು ಏರಿದ ಒತ್ತಡವನ್ನು ಎಷ್ಟು ಇಳಿಸಬೇಕೆಂದು ತಿಳಿಯಲು ಸೀಮೆಸುಣ್ಣದಷ್ಟು ಒಳ್ಳೆಯ ಉಪಕರಣ ಬೇರೆಯಿಲ್ಲ. ಟಯರಿನ ನೆಲ ತಾಗುವ ಅಂಚಿನಿಂದ ಪಕ್ಕದ ಗೋಡೆಯವರೆಗೆ ಮೂರು ನಾಲ್ಕು ಕಡೆ ದಪ್ಪ ಗೆರೆ ಎಳೆದು ಟ್ರ್ಯಾಕಿಗಿಳಿಯಿರಿ. ಬಂದ ಮೇಲೆ ಗೆರೆ ಅಳಿಸಿದ್ದು ಅಂಚನ್ನು ದಾಟಿ ಗೋಡೆಯವರೆಗೂ ಇಳಿದಿದ್ದರೆ ಟಯರು ಮಗುಚಿಕೊಳ್ಳುತ್ತಿದೆ, ಗಾಳಿ ಸಾಲದು ಎಂದರ್ಥ. ಅಂಚಿನವರೆಗೂ ಬಾರದೆ ಒಳಗೇ ಉಳಿದಿದ್ದರೆ ಗಾಳಿ ಹೆಚ್ಚಾಗಿದೆ. ಗೋಡೆಯ ಮೇಲೆ ಸಣ್ಣ ತ್ರಿಕೋನದ ಗುರುತಿರುವ ಟಯರುಗಳಲ್ಲಿ ಅದರ ತುದಿಯವರೆಗೆ ಅಳಿಸಿದರೆ ಸರಿ ಎಂದು ಇಟ್ಟುಕೊಳ್ಳಬಹುದು. ಕಾದ ಟಯರಿನಿಂದ ಗಾಳಿ ಬಿಟ್ಟವರು ಮನೆಗೆ ಹೊರಡುವ ಮೊದಲು, ಅದು ತಣಿದ ಮೇಲೆ, ಮತ್ತೆ ತುಂಬಿಸಿಕೊಳ್ಳಲು ಮರೆಯಬಾರದು.

ಎತ್ತರದ ಇನ್ನೊಂದು ಪರಿಣಾಮ ಎಂಜಿನ್ನಿನದು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ನಮ್ಮ ತೆಳು ಗಾಳಿಯಲ್ಲಿ ತನ್ನ ಶಕ್ತಿಯ ಸುಮಾರು ಹತ್ತನೆಯ ಒಂದು ಭಾಗವನ್ನು ಬಿಟ್ಟುಕೊಟ್ಟು ಓಡುತ್ತಿರುತ್ತದೆ. ಬಯಲಿಗಿಳಿದಾಗ ಅದು ಮರಳಿ ಬರುತ್ತದೆ. ಅಂದರೆ ನೀವು ವರ್ಷಗಳಿಂದ ಬಲ್ಲ ಕಾರು ಅಲ್ಲಿ ತುಸು ಚುರುಕಾಗಿರುತ್ತದೆ, ತಿರುವಿನ ಬಾಯಿಗೆ ನೀವೆಣಿಸಿದ್ದಕ್ಕಿಂತ ಬೇಗ ತಲುಪುತ್ತದೆ, ಮತ್ತು ಹೆಚ್ಚು ಕಾಯುತ್ತದೆ. ಅದಕ್ಕೆ ತಣಿಸುವ ವ್ಯವಸ್ಥೆ ಸರಿಯಿರಬೇಕು. ಸಿಲ್ವರ್ ಓಕ್ ಎಲೆಗಳ ಚೂರು, ಕೀಟ, ಕೆಸರು ಸೇರಿ ರೇಡಿಯೇಟರಿನ ಮುಂದಿನ ಜಾಲರಿ ಮುಚ್ಚಿಹೋಗಿರುತ್ತದೆ. ಮೆತ್ತಗಿನ ನೀರಿನ ಧಾರೆಯಿಂದ ಎಂಜಿನ್ ಬದಿಯಿಂದ ಹೊರಮುಖವಾಗಿ ತೊಳೆಯಬೇಕು, ಜೋರಿನ ಧಾರೆ ಹಿಡಿದರೆ ತೆಳು ಹಲ್ಲುಗಳು ಬಾಗುತ್ತವೆ. ತೋಡಿನ ನೀರನ್ನು ರೇಡಿಯೇಟರಿಗೆ ಸುರಿಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ರೇಡಿಯೇಟರಿನ ನೀರಿಗೆ ಬೆರೆಸುವ ಕೂಲೆಂಟಿನ ಕೆಲಸ ಹಿಮ ತಡೆಯುವುದು ಮಾತ್ರವೆಂದು ತಿಳಿದು ನಮಗದು ಬೇಡವೆನ್ನುವವರು, ಅದು ನೀರಿನ ಕುದಿಬಿಂದುವನ್ನು ಏರಿಸುತ್ತದೆ ಮತ್ತು ಒಳಗಿನ ಲೋಹವನ್ನು ತುಕ್ಕಿನಿಂದ ಕಾಯುತ್ತದೆ ಎಂಬುದನ್ನು ಗಮನಿಸಬೇಕು. ರೇಡಿಯೇಟರಿನ ಮುಚ್ಚಳದ ರಬ್ಬರು ಸಡಿಲವಾಗಿದ್ದರೆ ಒತ್ತಡ ನಿಲ್ಲುವುದಿಲ್ಲ, ಒತ್ತಡವಿಲ್ಲದಿದ್ದರೆ ಕುದಿ ಬೇಗ ಬರುತ್ತದೆ. ಕಡಿಮೆ ಬೆಲೆಯ ಆ ಮುಚ್ಚಳವನ್ನು ಸಂಶಯ ಬಂದರೆ ಬದಲಿಸಿಬಿಡಿ. ಎಂಜಿನ್ ಆಯಿಲ್ ಕೈಪಿಡಿ ಒಪ್ಪುವ ದರ್ಜೆಯದ್ದು, ಹೊಸದು, ಅಳತೆಕಡ್ಡಿಯ ಮೇಲಿನ ಗುರುತಿಗೆ ಸರಿಯಾಗಿರಲಿ. ದೀರ್ಘ ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿಯುವುದರಿಂದ, ಮಟ್ಟ ಕಡಿಮೆಯಿದ್ದರೆ ಪಂಪು ಗಾಳಿಯನ್ನು ಎಳೆಯುತ್ತದೆ.

ಸಸ್ಪೆನ್ಷನ್ನಿನಲ್ಲಿ ಬದಲಾಯಿಸುವುದು ಏನೂ ಇಲ್ಲ, ಪರೀಕ್ಷಿಸುವುದು ಬಹಳವಿದೆ. ತೋಟದ ದಾರಿ ಮತ್ತು ಮಳೆಗಾಲ ಮುಗಿದ ಮೇಲಿನ ಗುಂಡಿಗಳು ಚಕ್ರವನ್ನು ಕಾರಿಗೂ ಸ್ಟಿಯರಿಂಗಿಗೂ ಜೋಡಿಸುವ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ತುದಿಗಳನ್ನು ಸದ್ದಿಲ್ಲದೆ ತಿನ್ನುತ್ತವೆ. ಚಕ್ರವನ್ನು ನೆಲದಿಂದ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಸಡಿಲವೆನಿಸಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡ ಬಲ ಹಿಡಿದಾಗ ಸಡಿಲವೆನಿಸಿದರೆ ಸ್ಟಿಯರಿಂಗಿನ ಕೊಂಡಿಗಳು ಎಂದು ಊಹಿಸಬಹುದು. ಇವನ್ನು ಸರಿಪಡಿಸಿದ ಮೇಲೆಯೇ ಅಲೈನ್‌ಮೆಂಟ್ ಮಾಡಿಸಬೇಕು, ಮೊದಲಲ್ಲ. ಕಾರನ್ನು ನೆಲಕ್ಕೆ ತಗ್ಗಿಸುವ ಸ್ಪ್ರಿಂಗು, ಅಗಲದ ಚಕ್ರ, ಸದ್ದಿನ ಸೈಲೆನ್ಸರು ಇವೆಲ್ಲ ಕಲಿಯುವವನಿಗೆ ಬೇಕಿಲ್ಲ, ಮನೆಯ ದಾರಿಗೂ ಒಗ್ಗುವುದಿಲ್ಲ. ಕಾನೂನೂ ಅಡ್ಡಬರುತ್ತದೆ: 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಮೂದಿಸಿದ ಸ್ವರೂಪಕ್ಕೆ ಹೊರತಾದ ಬದಲಾವಣೆಯನ್ನು ನಿರ್ಬಂಧಿಸುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಹಾಗೆಯೇ ಸಿದ್ಧಪಡಿಸಿದ ಕಾರನ್ನು ಪರೀಕ್ಷಿಸುವ ನೆಪದಲ್ಲಿ ಘಾಟಿಯಲ್ಲಿ ವೇಗದ ಪಂದ್ಯ ಹೂಡುವುದು ಅದೇ ಕಾಯ್ದೆಯ 189ನೆಯ ಕಲಮಿನಡಿ ಶಿಕ್ಷಾರ್ಹ. ಶಿಕ್ಷೆಯ ಮಾತು ಬಿಟ್ಟರೂ, ಆ ರಸ್ತೆಯಲ್ಲಿ ಶಾಲೆ ಬಿಟ್ಟ ಮಕ್ಕಳು, ದಾಟುವ ಆನೆ, ಸೌದೆ ಹೊತ್ತ ಹೆಂಗಸರು ಇರುತ್ತಾರೆ. ಟ್ರ್ಯಾಕಿಗೆ ಹೋಗುವ ಕಾರಣವೇ ಅವರ ನಡುವೆ ವೇಗದ ಆಸೆ ತೀರಿಸಿಕೊಳ್ಳಬಾರದೆಂಬುದು.

ವಿಮೆಯ ಬಗ್ಗೆ ಮೊದಲೇ ತಿಳಿದಿರುವುದು ಒಳ್ಳೆಯದು. ನಮ್ಮ ಸಾಮಾನ್ಯ ಖಾಸಗಿ ಕಾರಿನ ಪಾಲಿಸಿಯ ಬಳಕೆಯ ಮಿತಿಗಳಲ್ಲಿ ಸಂಘಟಿತ ರೇಸಿಂಗ್ ಮತ್ತು ವೇಗಪರೀಕ್ಷೆಯನ್ನು ಹೊರಗಿಟ್ಟಿರುತ್ತಾರೆ. ಟ್ರ್ಯಾಕಿನಲ್ಲಿ ಕಾರು ಗೋಡೆಗೆ ತಾಗಿದರೆ ಖರ್ಚು ನಿಮ್ಮದೇ ಎಂದು ಮನಸ್ಸು ಮಾಡಿಕೊಂಡೇ ಹೊರಡಬೇಕು. ಸಾಲ ತೀರದ ಹೊಸ ಕಾರಿಗಿಂತ, ಹತ್ತು ವರ್ಷ ಹಳೆಯದಾದರೂ ಚೆನ್ನಾಗಿ ನೋಡಿಕೊಂಡ ಸ್ವಿಫ್ಟ್ ಅಥವಾ ಪೋಲೊದಂತಹ ಕಾರು ಈ ಕೆಲಸಕ್ಕೆ ಮೇಲು ಎಂದು ನಾನು ಹೇಳುವುದು ಇದರಿಂದಲೇ.

ಹೊರಡುವ ಹಿಂದಿನ ಸಂಜೆ ಕಾರನ್ನು ಬರಿದುಮಾಡಿ. ಡಿಕ್ಕಿಯಲ್ಲಿ ಕತ್ತಿ, ಕೊಡೆ, ಗಂಬೂಟು, ಕಾಳುಮೆಣಸಿನ ಚೀಲ ಯಾವುದೂ ಉಳಿಯಬಾರದು. ಸ್ಟೆಪ್ನಿ ಮತ್ತು ಜಾಕು ದಾರಿಗೆ ಬೇಕು, ಟ್ರ್ಯಾಕಿಗಿಳಿಯುವ ಮೊದಲು ತೆಗೆದಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಚಾಲಕನ ಕಾಲಡಿಯ ಮ್ಯಾಟು ಮತ್ತು ಸೀಟಿನಡಿಯ ನೀರಿನ ಬಾಟಲಿ ಹೊರಗೆ ಹೋಗಬೇಕು. ಜೋರಾಗಿ ಬ್ರೇಕ್ ಒತ್ತಿದಾಗ ಉರುಳಿ ಬಂದ ಬಾಟಲಿ ಪೆಡಲಿನಡಿ ಸಿಕ್ಕಿಕೊಂಡರೆ ಹೊಸ ದ್ರವ, ಹೊಸ ಪ್ಯಾಡು ಯಾವುದೂ ಕೆಲಸಕ್ಕೆ ಬಾರದು. ಬ್ಯಾಟರಿಯ ಪಟ್ಟಿಯನ್ನು ಕೈಯಿಂದ ಎಳೆದು ನೋಡಿ. ಎಳೆಯುವ ಕೊಕ್ಕೆ ಎಲ್ಲಿದೆ, ಅದರ ತಿರುಪಿನ ಮರೆ ಸರಿಯಾಗಿದೆಯೇ ಎಂದು ಪರೀಕ್ಷಿಸಿ. ಚಕ್ರದ ನಟ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಕೈಪಿಡಿಯ ಅಳತೆಗೆ ಬಿಗಿಸಬೇಕು. ಪಂಚರ್ ಅಂಗಡಿಯಲ್ಲಿ ಗಾಳಿಯಂತ್ರದಿಂದ ಬಿಗಿಸಿದ ನಟ್ಟು ಒಂದು ಅತಿಬಿಗಿ, ಇನ್ನೊಂದು ಸಡಿಲ ಎಂಬಂತೆ ಇರುವುದು ಸಾಮಾನ್ಯ, ಮತ್ತು ಚಕ್ರ ಕಾದು ತಣಿಯುವಾಗ ಸಡಿಲವಿದ್ದದ್ದು ಮತ್ತಷ್ಟು ಸಡಿಲವಾಗುತ್ತದೆ.

ಹೆಲ್ಮೆಟ್ ಮುಖ ಪೂರ್ತಿ ಮುಚ್ಚುವಂತಹದ್ದಾಗಿರಲಿ, ಯಾವ ಗುರುತಿನದ್ದನ್ನು ಒಪ್ಪುತ್ತಾರೆಂದು ಆಯೋಜಕರನ್ನು ಮೊದಲೇ ಕೇಳಿ. ಉದ್ದ ತೋಳಿನ ಹತ್ತಿ ಬಟ್ಟೆ ತೊಡಿ, ಏಕೆಂದರೆ ಬೆಂಕಿ ತಗುಲಿದರೆ ಸಿಂಥೆಟಿಕ್ ಬಟ್ಟೆ ಕರಗಿ ಮೈಗೆ ಅಂಟುತ್ತದೆ. ತೆಳು ಅಟ್ಟೆಯ ಬೂಟಿನಲ್ಲಿ ಪೆಡಲಿನ ಮಾತು ಚೆನ್ನಾಗಿ ಕೇಳಿಸುತ್ತದೆ. ಬೆನ್ನು ಪೂರ್ತಿ ಸೀಟಿಗೆ ಒರಗಿದ್ದಾಗ ಮಣಿಕಟ್ಟು ಸ್ಟಿಯರಿಂಗಿನ ಮೇಲಂಚಿನ ಮೇಲೆ ಕೂರಬೇಕು, ಬ್ರೇಕ್ ಪೂರ್ತಿ ತುಳಿದಾಗಲೂ ಮಂಡಿ ಸ್ವಲ್ಪ ಮಡಿಚಿರಬೇಕು. ಘಾಟಿಯಲ್ಲಿ ಮೂಲೆ ಕಾಣಲೆಂದು ಮುಂದಕ್ಕೆ ಬಾಗಿ ಕೂತು ಓಡಿಸುವ ನಮ್ಮ ಅಭ್ಯಾಸ ಇಲ್ಲಿ ತೋಳನ್ನು ಬೇಗ ದಣಿಸುತ್ತದೆ.

ಟ್ರ್ಯಾಕಿಗಿಳಿದ ಮೇಲೆ ಘಾಟಿಯ ಇನ್ನೊಂದು ಅಭ್ಯಾಸವನ್ನೂ ಬಿಡಬೇಕಾಗುತ್ತದೆ. ಊರಿನಲ್ಲಿ ನಾವು ಉದ್ದಕ್ಕೂ ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟುಕೊಂಡೇ ತಿರುಗುತ್ತೇವೆ. ಹಾಗೆ ಉಜ್ಜುತ್ತಲೇ ಇದ್ದರೆ ಡಿಸ್ಕು ತಣಿಯಲು ಬಿಡುವೇ ಸಿಗುವುದಿಲ್ಲ. ನೇರದಾರಿಯಲ್ಲಿಯೇ, ಸ್ಟಿಯರಿಂಗ್ ನೇರವಿರುವಾಗಲೇ ಗಟ್ಟಿಯಾಗಿ ಬ್ರೇಕ್ ಒತ್ತಿ, ತಿರುವಿಗೆ ಮುಂಚೆ ಮೆಲ್ಲನೆ ಬಿಟ್ಟು, ಆಮೇಲೆ ತಿರುಗಿಸುವುದು ಕಲಿಯುವವನಿಗೆ ಸುರಕ್ಷಿತ ಕ್ರಮ. ಮುಂದಿನ ಚಕ್ರದಿಂದ ಓಡುವ ಸಣ್ಣ ಕಾರು ಹೆಚ್ಚು ವೇಗದಲ್ಲಿ ತಿರುವು ಹೊಕ್ಕರೆ ಮೂಗು ಹೊರಗೆ ಜಾರುತ್ತದೆ. ಆಗ ಸ್ಟಿಯರಿಂಗನ್ನು ಇನ್ನಷ್ಟು ತಿರುಗಿಸಿದರೆ ಪ್ರಯೋಜನವಿಲ್ಲ, ಆಕ್ಸಿಲರೇಟರನ್ನು ಮೆಲ್ಲಗೆ ಸಡಿಲಿಸಿದರೆ ಮುಂಚಕ್ರಗಳಿಗೆ ಭಾರ ಮರಳಿ ಹಿಡಿತ ಬರುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎ.ಬಿ.ಎಸ್. ಮತ್ತು ಸ್ಥಿರತೆ ಕಾಯುವ ವ್ಯವಸ್ಥೆಯನ್ನು ಬಂದ್ ಮಾಡಬೇಡಿ. ಬೆಳಗಿನ ಸಭೆಯಲ್ಲಿ ಬಾವುಟಗಳ ಅರ್ಥವನ್ನು ಗಮನವಿಟ್ಟು ಕೇಳಿ; ಹಳದಿ ಕಂಡರೆ ಮುಂದೆ ಅಪಾಯ, ನಿಧಾನಿಸಿ, ಹಿಂದಿಕ್ಕಬೇಡಿ; ಕೆಂಪು ಕಂಡರೆ ಸರದಿ ನಿಂತಿದೆ.

ಒಂದು ಸರದಿಯಲ್ಲಿ ಐದಾರು ಬಿರುಸಿನ ಸುತ್ತುಗಳಾದರೆ ಸಾಕು, ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ, ಎತ್ತರದ ಗೇರಿನಲ್ಲಿ, ಗಾಳಿಯಾಡಿಸುತ್ತ ಮುಗಿಸಬೇಕು. ಉಷ್ಣತೆಯ ಸೂಚಿ ಏರಿದ್ದರೆ ಹೀಟರನ್ನು ಪೂರ್ತಿ ಹಾಕಿ. ಕಾರಿನೊಳಗೆ ಸೆಕೆ ಹೊಡೆದರೂ ಅದು ಎಂಜಿನ್ನಿಗೆ ಎರಡನೆಯ ರೇಡಿಯೇಟರಿನಂತೆ ದುಡಿಯುತ್ತದೆ. ಟ್ರ್ಯಾಕಿನ ಬದಿಯಲ್ಲಿ ಕಾರು ನಿಲ್ಲಿಸುವ ಪಿಟ್ಟಿಗೆ ಬಂದು ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಡ್ರಮ್ಮನ್ನು ಒಳಗಿನಿಂದ ಉಜ್ಜುವ ಕಾದ ಲೈನರು ಅದಕ್ಕೆ ಅಂಟಿಕೊಳ್ಳಬಹುದು. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡನ್ನು ಅಡ್ಡ ಇಡಿ. ನಿಂತಲ್ಲಿ ಬ್ರೇಕ್ ಪೆಡಲ್ ಒತ್ತಿಹಿಡಿಯುವುದೂ ಬೇಡ. ಕಾದ ಪ್ಯಾಡು ಡಿಸ್ಕಿನ ಒಂದೇ ಜಾಗಕ್ಕೆ ಒತ್ತಿಕೊಂಡು ಅಚ್ಚು ಬಿಟ್ಟರೆ ಮುಂದೆ ಪ್ರತಿ ಬ್ರೇಕಿಗೂ ಕಾರು ನಡುಗುತ್ತದೆ.

ದಿನದ ಕೊನೆಯ ಸರದಿಯನ್ನು ಬಿಟ್ಟುಬಿಡುವಂತೆ ನಾನು ಎಲ್ಲ ಹೊಸಬರಿಗೂ ಹೇಳುತ್ತೇನೆ. ಆ ಹೊತ್ತಿಗೆ ಪ್ಯಾಡು ಸವೆದಿರುತ್ತದೆ, ಟಯರು ದಣಿದಿರುತ್ತದೆ, ಚಾಲಕನ ಗಮನ ಅದಕ್ಕಿಂತಲೂ ಹೆಚ್ಚು ದಣಿದಿರುತ್ತದೆ, ಆದರೆ ಧೈರ್ಯ ಮಾತ್ರ ಬೆಳಗಿಗಿಂತ ಹೆಚ್ಚಿರುತ್ತದೆ. ಆ ಇಪ್ಪತ್ತು ನಿಮಿಷಗಳನ್ನು ನಟ್ಟುಗಳನ್ನು ಮತ್ತೆ ಬಿಗಿಸಲು, ಗಾಳಿ ತುಂಬಿಸಲು, ಪ್ಯಾಡಿನ ದಪ್ಪ ನೋಡಲು ಬಳಸಬಹುದು. ಕೊಯಮತ್ತೂರಿನಿಂದ ಸತ್ಯಮಂಗಲದ ಮೇಲೆ ಬರುವವರಿಗೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳು ಎದುರಾಗುತ್ತವೆ, ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ದಣಿದ ಮೈಯಲ್ಲಿ ಗೇಟು ಮುಚ್ಚುವ ಮೊದಲು ತಲುಪಲು ಧಾವಿಸುವುದಕ್ಕಿಂತ ರಾತ್ರಿ ಅಲ್ಲಿಯೇ ತಂಗಿ ಬೆಳಿಗ್ಗೆ ಹೊರಡುವುದು ಲೇಸು. ಬೆಳಗಿನ ಮೊದಲ ಅರ್ಧ ಗಂಟೆಯಲ್ಲಿ ಪೆಡಲ್ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಗಮನಿಸಿ. ಹಿಂದಿನ ದಿನಕ್ಕಿಂತ ಆಳವಾಗಿದ್ದರೆ ದ್ರವದಲ್ಲಿ ಗುಳ್ಳೆ ಉಳಿದಿದೆ. ಘಾಟಿ ಮುಟ್ಟುವ ಮೊದಲೇ ಗ್ಯಾರೇಜೊಂದರಲ್ಲಿ ನಿಲ್ಲಿಸಿ ನಾಲ್ಕೂ ಚಕ್ರಗಳ ಬ್ರೇಕುಗಳಿಂದ ಆ ಗಾಳಿ ತೆಗೆಸಿಕೊಳ್ಳಬೇಕು.